ಬಣ್ಣ ಬೆರೆಸುವ ಭಾವನ ಹಸಿರು ಚಹಾ

ನನ್ನ ಭಾವ ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವವರು. ಗಿರಾಕಿ ಹಳೆಯ ಗೋಡೆಯಿಂದ ಉಗುರಿನಷ್ಟು ಚಕ್ಕೆ ಕಿತ್ತು ತಂದರೆ ಸಾಕು, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಹಳದಿ ಎರಡು ಹನಿ, ಕಪ್ಪು ಅರ್ಧ" ಎಂದು ಗೊಣಗಿ, ಕಾಲು ಗಂಟೆಯಲ್ಲಿ ಅದೇ ಬಣ್ಣದ ಡಬ್ಬಿ ಕೈಗಿಡುತ್ತಾರೆ. ಈಗ ಆ ಕೆಲಸಕ್ಕೆ ಅಂಗಡಿಯಲ್ಲಿ ಕಂಪ್ಯೂಟರ್ ಬಂದಿದೆ. ಅದು ತಪ್ಪು ಮಾಡಿದಾಗ ತಿದ್ದುವುದಕ್ಕೆ ಭಾವ ಇದ್ದಾರೆ.

ತೊಂದರೆ ಏನೆಂದರೆ, ಸಂಜೆ ಅಂಗಡಿ ಬಾಗಿಲು ಹಾಕಿದರೂ ಭಾವನ ಕಣ್ಣು ಬಾಗಿಲು ಹಾಕುವುದಿಲ್ಲ. ನಾನು ಮೊದಲ ಬಾರಿ ತಲೆಗೆ ಬಣ್ಣ ಹಚ್ಚಿಕೊಂಡು, ಯಾರಿಗೂ ಗೊತ್ತಾಗದೆಂಬ ಧೈರ್ಯದಿಂದ ಒಂದು ಮದುವೆಗೆ ಹೋದಾಗ, ತುಂಬಿದ ಪಂಕ್ತಿಯಲ್ಲಿ ಅವರು ಕೂಗಿದರು: "ನೀಲಿ ಜಾಸ್ತಿ ಬಿದ್ದಿದೆ ಕಣಯ್ಯಾ! ಮೊದಲೇ ನನ್ನ ಹತ್ರ ಬರಬಾರದಿತ್ತಾ?"

ಅಂಥವರನ್ನು ನನ್ನ ಅಕ್ಕ ಇಪ್ಪತ್ತೆರಡು ವರ್ಷಗಳಿಂದ ಸಂಭಾಳಿಸುತ್ತಿದ್ದಾಳೆ. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾಳೆ. ಪಕ್ಕದಲ್ಲಿ ಕುಳಿತವರು ಹೇಗೆ ಓಡಿಸಿದರೂ ತನ್ನ ಕಾಲ ಕೆಳಗೊಂದು ಬ್ರೇಕ್ ಇದೆ ಎಂಬ ನೆಮ್ಮದಿಯಲ್ಲಿ ಸಂಸಾರವನ್ನೂ ನಡೆಸುವವಳು. ಮದುವೆಯಾದ ಎರಡನೇ ವಾರದಲ್ಲೇ ಆ ಬ್ರೇಕನ್ನು ಒಮ್ಮೆ ಬಲವಾಗಿ ಒತ್ತಿದ್ದಳು. ಅಂದು ಭಾವ ಹೆಂಡತಿಗೆಂದು ಪ್ರೀತಿಯಿಂದ ಚಹಾ ಮಾಡಲು ಹೊರಟರು. ಬಣ್ಣ ತಿಳಿಯಾಯಿತೆಂದು ಸ್ವಲ್ಪ ಡಿಕಾಕ್ಷನ್ ಸುರಿದರು. ಕಡುವಾಯಿತೆಂದು ಸ್ವಲ್ಪ ಹಾಲು ಸುರಿದರು. ಮತ್ತೆ ತಿಳಿಯಾಯಿತು. ಎರಡು ಕಪ್ಪಿನ ಚಹಾ ಪಾತ್ರೆಯಿಂದ ಕುಕ್ಕರಿಗೆ, ಕುಕ್ಕರಿನಿಂದ ಬಕೆಟ್ಟಿಗೆ ಬೆಳೆಯಿತು. ಅಕ್ಕ ಕೆಲಸದ ಮೊದಲ ದಿನವೇ ಒಂದು ಗಂಟೆ ತಡವಾಗಿ ಹೋದಳು, ಅದೂ ಚಹಾ ಕುಡಿಯದೆ. ಸಂಜೆ ಬಂದು ತೀರ್ಪು ಕೊಟ್ಟಳು: "ಇನ್ಮೇಲೆ ನೀವು ಒಲೆ ಹತ್ರ ಬರಕೂಡದು." ಭಾವ ಬರಲಿಲ್ಲ.

ಈ ವರ್ಷ ಏನಾಯಿತೆಂದರೆ, ಹೊಸದಾಗಿ ಕೆಫೆ ತೆರೆಯುವ ಹೆಂಗಸೊಬ್ಬರು ಅಂಗಡಿಗೆ ಬಂದು, ಕಾಗದದ ಪೊಟ್ಟಣ ಬಿಚ್ಚಿ, ಒಂದು ಚಮಚ ಹಸಿರು ಪುಡಿ ತೋರಿಸಿದರು. "ನನ್ನ ಕೆಫೆಯ ಗೋಡೆ ಇದೇ ಬಣ್ಣ ಆಗಬೇಕು." ಅದು ಮಾಚಾ. ಚಹಾ ಗಿಡಕ್ಕೆ ಕೆಲವು ವಾರ ನೆರಳು ಕಟ್ಟಿ, ಎಲೆಯನ್ನು ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಬೀಸಿದ ಪುಡಿ. ಸೋಸಿ ಎಸೆಯುವ ಮಾತಿಲ್ಲ, ಎಲೆ ಪೂರ್ತಿ ಹೊಟ್ಟೆಗೆ. ಕಂಪ್ಯೂಟರ್ ಅದನ್ನು ನೋಡಿ ಮೂರು ಸಲ ಮೂರು ಉತ್ತರ ಕೊಟ್ಟಿತು. ಭಾವ ಮೂರು ದಿನ ಕೂತು ಬಣ್ಣ ಹಿಡಿದರು. ಆಕೆ ಗೋಡೆ ನೋಡಿ ಕಣ್ಣಲ್ಲಿ ನೀರು ತಂದುಕೊಂಡು, ಒಂದು ದೊಡ್ಡ ಡಬ್ಬಿ ಮಾಚಾ, ಅಗಲ ಬಾಯಿಯ ಬೋಗುಣಿ, ಅದನ್ನು ಕಡೆಯಲು ಬಿದಿರಿನ ಕುಂಚದಂಥ ಒಂದು ಕಡ್ಡಿ ಉಡುಗೊರೆ ಕೊಟ್ಟರು. ಕುಂಚ ಎಂದ ಮೇಲೆ ಕೇಳಬೇಕೆ? ಭಾವ ಅಭ್ಯಾಸಬಲದಿಂದ ಅದನ್ನು ಮೊದಲು ನೀರಿನಲ್ಲಿ ನೆನೆಸಿದರು. ಹಾಗೆಯೇ ನೆನೆಸಬೇಕಂತೆ. ಇಡೀ ಪ್ರಕರಣದಲ್ಲಿ ಅವರು ಮೊದಲ ಸಲಕ್ಕೇ ಸರಿಯಾಗಿ ಮಾಡಿದ್ದು ಅದೊಂದೇ.

"ಇದು ಬಣ್ಣದ ಕೆಲಸ ಕಣಯ್ಯಾ, ಅಡುಗೆ ಅಲ್ಲ," ಎಂದರು ನನಗೆ, ಕಣ್ಣರಳಿಸಿ. "ಇದನ್ನ ನಾನು ಮಾಡಬಲ್ಲೆ."

"ಮಾಡಿ ಭಾವ, ಬೇಡ ಅಂದೋರ್ ಯಾರು?"

"ನಿಮ್ಮಕ್ಕ." ಆಮೇಲೆ ದನಿ ತಗ್ಗಿಸಿದರು. "ಬೆಳಿಗ್ಗೆ ಐದೂವರೆಗೆ ಎದ್ದು ಟೀ ಮಾಡಿ, ನನ್ನ ಕೈಗೆ ಲೋಟ ಕೊಟ್ಟು, ತಾನು ನಿಂತುಕೊಂಡೇ ಕುಡಿದು ಓಡ್ತಾಳೆ. ಇಪ್ಪತ್ತೆರಡು ವರ್ಷ ಆಯ್ತು. ನಾನು ಕೊಟ್ಟು, ಅವಳು ಕೂತು ಕುಡಿಯೋದನ್ನ ನೋಡಬೇಕು. ಅಷ್ಟೇ."

ಒಲೆ ಹತ್ತಿರ ಹೋಗುವಂತಿಲ್ಲವಾದ್ದರಿಂದ ಅಭ್ಯಾಸ ಅಂಗಡಿಯಲ್ಲಿ ನಡೆಯಿತು. ಬಿದಿರಿನ ಕುಂಚದಿಂದ ಕೈ ನೋಯುವಷ್ಟು ಕಡೆದರೂ ನೊರೆ ಏಳಲಿಲ್ಲ. ಭಾವ ಸುತ್ತ ನೋಡಿದರು. ಮೂಲೆಯಲ್ಲಿ ಬಣ್ಣದ ಡಬ್ಬಿ ಕುಲುಕುವ ಯಂತ್ರವಿತ್ತು. ಪುಡಿಯನ್ನೂ ಬಿಸಿನೀರನ್ನೂ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಯಂತ್ರಕ್ಕೆ ಬಿಗಿದು ಗುಂಡಿ ಒತ್ತಿದರು. ಎರಡು ನಿಮಿಷಕ್ಕೆ ಕ್ಷೌರದ ಸೋಪಿನಂಥ ನೊರೆ. ಅದೇ ಹೊತ್ತಿಗೆ ಮಾಲೀಕರು ಒಳಗೆ ಬಂದರು.

"ಚೆನ್ನಾಗಿದೆಯಲ್ರೀ ಶೇಡು! ಯಾರ ಮನೆಗೆ?"

"ನಮ್ಮ ಮನೆಗೇ ಸಾರ್," ಎಂದು ಭಾವ ಡಬ್ಬಿ ಎತ್ತಿ ಗಟಗಟ ಕುಡಿದರು. ಮಾಲೀಕರು ಅಲ್ಲೇ ಇದ್ದ ಏಣಿಯ ಮೇಲೆ ಕುಳಿತುಬಿಟ್ಟರು. ಆಮೇಲೆ ಭಾವನಿಗೆ ಒಂದು ವಾರ ರಜೆ ಕೊಟ್ಟರು, ಭಾವ ಕೇಳದೆಯೇ.

ರಜೆಯಲ್ಲಿ ಭಾವ ಉಡುಗೊರೆ ಹಂಚಲು ಶುರು ಮಾಡಿದರು. ಅಂಗಡಿಯಿಂದ ಬಣ್ಣವನ್ನೇ ಕಾಣದ ಹೊಸ ಪುಟ್ಟ ಡಬ್ಬಿಗಳನ್ನು ತಂದು, ನಾಲ್ಕು ಕಪ್ಪಿಗಾಗುವಷ್ಟು ಮಾಚಾ ಜರಡಿ ಹಿಡಿದು ತುಂಬಿ, ಮುಚ್ಚಳದ ಮೇಲೆ ಅಂಗಡಿಯ ಪದ್ಧತಿಯಂತೆ ಒಂದು ಹಸಿರು ಚುಕ್ಕಿ ಇಟ್ಟರು. ಎದುರುಮನೆಯ ಹಲ್ಲಿನ ಡಾಕ್ಟರಿಗೆ ಒಂದು ಹೋಯಿತು. ಮರುದಿನ ಡಾಕ್ಟರು ಗೇಟಿನಿಂದಲೇ ಕೂಗಿದರು: "ನೀರಲ್ಲಿ ಕಲಸಿ ಹೂಕುಂಡದ ಸ್ಟ್ಯಾಂಡಿಗೆ ಹಚ್ಚಿದೆ ಸ್ವಾಮಿ! ಒಂದು ಕೋಟ್ ಸಾಲಲಿಲ್ಲ, ಇನ್ನೊಂದು ಡಬ್ಬಿ ಸಿಗುತ್ತಾ?"

ಭಾವನಿಗೆ ಸಿಟ್ಟು ನೆತ್ತಿಗೇರಿತು. "ಪ್ರೈಮರ್ ಇಲ್ಲದೆ ಹಚ್ಚಿದ್ದಾರೆ ನೋಡು! ಓದಿದೋರು!"

ಹಾಗಾಗಿ ಓದುಗರಲ್ಲಿ ಯಾರಾದರೂ ಚಹಾಪ್ರಿಯರಿಗೆ ಉಡುಗೊರೆ ಕೊಡುವುದಿದ್ದರೆ, ದಯವಿಟ್ಟು ಬಣ್ಣದ ಡಬ್ಬಿಯಲ್ಲಿ ಕೊಡಬೇಡಿ. ಬೆಳಕು ಬೀಳದ, ಗಾಳಿ ಆಡದ ಸಣ್ಣ ಡಬ್ಬಿ, ಜೊತೆಗೊಂದು ಸಣ್ಣ ಕಣ್ಣಿನ ಜರಡಿ, ಕೈತುಂಬ ಹಿಡಿಯುವ ಒಂದು ಬೋಗುಣಿ, ಮಾಡುವ ಕ್ರಮ ಬರೆದ ಚೀಟಿ. ಇಷ್ಟಿದ್ದರೆ ಯಾರೂ ಗೋಡೆಗೆ ಹಚ್ಚುವುದಿಲ್ಲ. ಕಡೆಯುವ ಕಡ್ಡಿ ದುಬಾರಿ ಎನಿಸಿದರೆ ಮುಚ್ಚಳದ ಬಾಟಲಿ ಕೊಡಿ. ತಣ್ಣೀರು, ಒಂದು ಚಮಚ ಪುಡಿ, ಐಸು ಹಾಕಿ ಕುಲುಕಿದರೆ ಬೇಸಿಗೆಗೆ ಬೇರೇನೂ ಬೇಡ.

ಡಾಕ್ಟರ ಕೂಗನ್ನು ಬೀದಿಯೆಲ್ಲ ಕೇಳಿದ ಮೇಲೆ ಅಕ್ಕ ಬ್ರೇಕಿನ ಮೇಲೆ ಕಾಲಿಟ್ಟಳು.

"ಭಾನುವಾರ ಒಂದೇ ಒಂದು ಟೆಸ್ಟು ರೀ. ನೀವು ಮಾಡಿದ್ದನ್ನ ನಾನು ತಳ ಕಾಣೋವರೆಗೂ ಕುಡಿದರೆ, ಬೆಳಗಿನ ಒಲೆ ಇನ್ಮೇಲೆ ನಿಮ್ಮದು. ಅರ್ಧಕ್ಕೆ ಬಿಟ್ಟರೆ ಈ ಹಸಿರು ಸಾಮಾನೆಲ್ಲ ಮನೆಯಿಂದ ಆಚೆ, ಮತ್ತೆ ನನ್ನ ಹತ್ರ ಈ ಮಾತು ಎತ್ತಕೂಡದು."

ಭಾನುವಾರ ನಾನು ರುಚಿ ನೋಡುವ ಹುದ್ದೆಗೆ ನೇಮಕವಾದೆ. ಮುಂಜಾಗ್ರತೆಗೆ ಮನೆಯಿಂದ ಒಂದು ಫ್ಲಾಸ್ಕು ಮಾಮೂಲಿ ಚಹಾವನ್ನು, ಶುಂಠಿ ಜಜ್ಜಿ ಹಾಕಿಸಿ, ಸಕ್ಕರೆ ಮುಂದಾಗಿ, ಚೀಲದಲ್ಲಿ ಅಡಗಿಸಿ ತಂದಿದ್ದೆ. ಅಕ್ಕ ಊಟದ ಮೇಜಿನ ಮುಂದೆ ಪೇಪರ್ ಹಿಡಿದು ಕುಳಿತಳು.

ಕ್ರಮ ಇಷ್ಟೇ: ಒಂದು ಚಮಚ ಪುಡಿ ಜರಡಿ ಹಿಡಿಯಬೇಕು. ಕುದಿದ ನೀರನ್ನು ನಾಲ್ಕೈದು ನಿಮಿಷ ಆರಬಿಟ್ಟು, ಮೊದಲು ಒಂದು ಗುಟುಕಿನಷ್ಟು ಹಾಕಿ ಗಂಟಿಲ್ಲದಂತೆ ಕಲಸಿ, ಆಮೇಲೆ ಅರ್ಧ ಕಪ್ಪು ನೀರು ಸುರಿದು, ಕಡ್ಡಿಯನ್ನು ಸುತ್ತ ತಿರುಗಿಸದೆ ಹಿಂದೆ ಮುಂದೆ ಸರಸರ ಆಡಿಸಬೇಕು. ಹಾಲು ಬೇಕೆನ್ನುವವರು ನೀರು ಕಡಿಮೆ ಮಾಡಿ ಬಿಸಿಹಾಲು ಹಾಕಿಕೊಳ್ಳಬಹುದು. ಐದು ನಿಮಿಷದ ಕೆಲಸ.

ಭಾವನಿಗೆ ಎರಡು ಗಂಟೆ ಹಿಡಿಯಿತು. ಆ ಕೆಫೆಯ ಗೋಡೆಯ ಬಣ್ಣ ಬರಬೇಕೆಂದು ಅವರ ಹಟ. ಮೊದಲನೆಯದು ಕುದಿನೀರಿಗೆ ಸುಟ್ಟು ಒಣಹುಲ್ಲಾಯಿತು. ಎರಡನೆಯದು ಗಂಟುಗಂಟು. ಮೂರನೆಯದರಲ್ಲಿ ನನ್ನ ಕಣ್ಣಿಗೆ ಕುಂದೇ ಕಾಣಲಿಲ್ಲ. "ನೀಲಿ ಕಮ್ಮಿ," ಎಂದರು ಭಾವ. ಒಂದೊಂದು ಕಪ್ಪಿಗೂ ನಂಬರಿನ ಚೀಟಿ ಅಂಟಿಸಿ, ಬೆಳಕು ಸರಿಯಾಗಿ ಬೀಳುವ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ತಳ್ಳಿಹಾಕಿದ್ದನ್ನು ಕುಡಿಯುವವನು ನಾನು. ಆರನೆಯದರ ಹೊತ್ತಿಗೆ ನನ್ನ ಎದೆ ಆಟೋರಿಕ್ಷಾದಂತೆ ಸದ್ದು ಮಾಡುತ್ತಿತ್ತು, ಯಾರೂ ಕೇಳದಿದ್ದರೂ ನನ್ನ ಶಾಲಾ ದಿನಗಳ ಕಥೆ ಹೇಳುತ್ತಿದ್ದೆ. ಏಳನೆಯದು ಹಾಲು ಹಾಕಿದ್ದು. ಇನ್ನು ಸಾಧ್ಯವಿಲ್ಲವೆನಿಸಿ, ಭಾವ ಆಚೆ ತಿರುಗಿದಾಗ, ಗಂಟಲಿಗಿಳಿಯಲೆಂದು ಅದಕ್ಕೆ ನನ್ನ ಫ್ಲಾಸ್ಕಿನ ಚಹಾ ಸುರಿದೆ. ಬಣ್ಣ ಮಳೆಯಲ್ಲಿ ನೆಂದ ಗೋಣಿಚೀಲದ ಹಾಗಾಯಿತು. ಕುಡಿಯುವ ಧೈರ್ಯ ಬಾರದೆ ಕಟ್ಟೆಯ ಮೇಲೇ ಇಟ್ಟೆ.

ಹನ್ನೆರಡನೆಯದನ್ನು ಬೆಳಕಿಗೆ ಹಿಡಿದು ಭಾವ ಚೀರಿದರು: "ಬಂತು!"

ತಿರುಗಿ ನೋಡಿದರೆ ಅಕ್ಕ ಕುರ್ಚಿಯಲ್ಲಿಲ್ಲ. ಕಾದು ಬಾಯಾರಿ, ಕಿಟಕಿಯ ಹತ್ತಿರ ನಿಂತು, ಇದ್ದುದರಲ್ಲಿ ಚಹಾದಂತೆ ಕಂಡ ಏಳನೇ ನಂಬರಿನ ಕಪ್ಪನ್ನು ಕೆಳಗಿಡುತ್ತಿದ್ದಳು. ಒಳಗೆ ತಳ ಕಾಣುತ್ತಿತ್ತು.

"ಚೆನ್ನಾಗಿದೆ ರೀ," ಎಂದಳು, ತನಗೇ ಆಶ್ಚರ್ಯವಾದಂತೆ. "ಗೆದ್ರಿ ಬಿಡಿ."

"ಅದು ಸ್ಯಾಂಪಲ್ಲು! ಲೆಕ್ಕಕ್ಕಿಲ್ಲ!"

"ನಾನು ಕುಡಿದಿದ್ದು ನನಗೆ ಲೆಕ್ಕ. ಒಲೆ ನಿಮ್ಮದು ಅಂದ್ನಲ್ಲ."

"ಅಂಥ ಬಣ್ಣ ನನ್ನ ಕೈಯಿಂದ ಬರೋಲ್ಲ ಕಣೇ!" ಭಾವ ಕಪ್ಪನ್ನು ಕಿತ್ತುಕೊಂಡು ಒಂದು ಕಣ್ಣು ಮುಚ್ಚಿದರು. ತಳದಲ್ಲಿ ಉಳಿದದ್ದು ಅರ್ಧ ಹನಿ. ಅದನ್ನು ಬಿಳಿ ತಟ್ಟೆಯ ಮೇಲೆ ಬೆರಳಿನಿಂದ ಎಳೆದರು. "ಮಾಚಾ ಎರಡು ಪಾಲು. ಹಾಲು ಒಂದು. ಕಪ್ಪು ಟೀ ಒಂದು ಪಾಲಿಗೆ ಚೂರು ಕಮ್ಮಿ." ನಿಧಾನವಾಗಿ ನನ್ನ ಕಡೆ ತಿರುಗಿದರು. "ಯಾರಯ್ಯಾ ನನ್ನ ಶೇಡಿಗೆ ಕೈ ಹಾಕಿದ್ದು?"

ನಾನು ಫ್ಲಾಸ್ಕನ್ನು ಮೇಜಿನ ಮೇಲಿಟ್ಟೆ.

"ಹಾಗಾದ್ರೆ ಇವರು ಮಾಡಿದ್ದಲ್ವಾ?" ಅಕ್ಕನ ಹುಬ್ಬು ಮೇಲೆ ಹೋಯಿತು. "ಟೆಸ್ಟು ಕ್ಯಾನ್ಸಲ್ಲು?"

ಭಾವ ಆ ಸುಂದರವಾದ ಹನ್ನೆರಡನೇ ನಂಬರನ್ನು ನೋಡಿದರು, ಹೆಂಡತಿಯ ಮುಖ ನೋಡಿದರು. ಆಮೇಲೆ ಫ್ಲಾಸ್ಕಿನ ಮುಚ್ಚಳ ತೆಗೆದು ಮೂಸಿ, ಒಲೆಯ ಮುಂದೆ ಹೋಗಿ ನಿಂತರು. ಚಹಾಪುಡಿ, ಶುಂಠಿ, ಸಕ್ಕರೆ, ಹಾಲು, ಮಾಚಾ. ಒಂದನ್ನೂ ಅಳೆಯಲಿಲ್ಲ, ರುಚಿ ನೋಡಲಿಲ್ಲ. ತಟ್ಟೆಯ ಮೇಲಿನ ಆ ಗೆರೆಯೊಂದನ್ನೇ ನೋಡುತ್ತ ಹನಿಹನಿಯಾಗಿ ಬೆರೆಸಿದರು. ಐದೇ ನಿಮಿಷ. ಗೋಣಿಚೀಲದ ಬಣ್ಣ ತಂದು ಅಕ್ಕನ ಮುಂದಿಟ್ಟು, ಮುಖ ಬೇರೆ ಕಡೆ ತಿರುಗಿಸಿದರು.

ಅಕ್ಕ ಕೂತು ಕುಡಿದಳು. ಅವಸರವಿಲ್ಲದೆ, ಪೇಪರ್ ಪಕ್ಕಕ್ಕಿಟ್ಟು. ಕಪ್ಪನ್ನು ಬೋರಲು ಹಿಡಿದು ತೋರಿಸಿದಳು, ಒಂದು ಹನಿಯೂ ಬೀಳಲಿಲ್ಲ.

"ಪಾಸ್," ಎಂದಳು. "ನಾಳೆ ಐದೂವರೆಗೆ. ಇದೇ ಬಣ್ಣ."

"ಸ್ವಲ್ಪ ಹಸಿರು ಏರಿಸಲಾ? ಒಂದೇ ಚಿಟಿಕೆ?"

"ಇದೇ ಬಣ್ಣ ರೀ."

ಈಗ ಅಕ್ಕ ದಿನಾ ಐದೂವರೆಗೆ ಕುರ್ಚಿಯಲ್ಲಿ ಕೂರುತ್ತಾಳೆ. ಭಾವ ತಮ್ಮ ಜೀವಮಾನದ ಅತ್ಯಂತ ಕೆಟ್ಟ ಬಣ್ಣವನ್ನು, ಒಂದು ಹನಿ ಆಚೀಚೆಯಾಗದಂತೆ, ಬೆರೆಸಿ ಕೊಡುತ್ತಾರೆ. ನೋಡಲಾರದೆ ಕಣ್ಣು ಮುಚ್ಚಿಕೊಳ್ಳುತ್ತಾರೆಂದು ನನ್ನ ಹತ್ತಿರ ಹೇಳಿದರು. ಅವಳು ಕುಡಿಯುವುದನ್ನು ನೋಡಬೇಕೆಂದಲ್ಲವೇ ಇಷ್ಟೆಲ್ಲ ಮಾಡಿದ್ದು ಎಂದು ಕೇಳಿದ್ದಕ್ಕೆ, "ಒಂದು ಕಣ್ಣು ಮಾತ್ರ ಮುಚ್ಚೋದು ಕಣಯ್ಯಾ," ಎಂದರು.