ಉಗುರಿನಷ್ಟು ಆಳ

2004ರಲ್ಲಿ, ಹತ್ತನೆಯ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಓದು ಕೈ ಹಿಡಿಯಲಿಲ್ಲ, ದುಡಿತ ಹಿಡಿಯಿತು. ಹಾನಗಲ್ಲಿನ ನಮ್ಮ ಓಣಿಯಲ್ಲಿ ಧೂಪದ ಕಾಕಾ ಇದ್ದರು. ಅವರ ಹತ್ತೂ ಬೆರಳ ತುದಿಗಳು ಕಪ್ಪಗೆ ಮಿರುಗುತ್ತಿದ್ದವು; ಮರದ ಅಂಟು ಮೂವತ್ತು ವರ್ಷ ಕೂತು ಚರ್ಮವೇ ಆಗಿತ್ತು. ಮುಂದೆ ರೇಷನ್ ಅಂಗಡಿಗೆ ಬಂದ ಬೆರಳಚ್ಚಿನ ಮಷೀನು ಅವರ ಹೆಬ್ಬೆರಳು ಹಿಡಿಯುತ್ತಿರಲಿಲ್ಲ. "ದೇವ್ರು ವಾಸನಿ ಮ್ಯಾಲ ನನ್ನ ಗುರ್ತ ಹಿಡೀತಾನ, ಈ ಮಷೀನಿಗೇನು ಧಾಡಿ ಆಗೇತಿ?" ಎಂದು ನಗುತ್ತಿದ್ದರು.

ಶಿರಸಿ ದಾಟಿದರೆ, ನೆಲಕ್ಕೆ ಬಿಸಿಲೇ ಬೀಳದ ಘಟ್ಟದ ಕಾಡಿನಲ್ಲಿ ಧೂಪದ ಮರಗಳಿದ್ದವು. ತೊಗಟೆ ಕೆತ್ತಿದರೆ ಅಂಟು ಒಸರಿ, ಕೆಲವು ವಾರಗಳಲ್ಲಿ ಗಟ್ಟಿಯಾಗುತ್ತದೆ. ಅದನ್ನು ತಂದು ಶಿಗ್ಗಾಂವ, ಸವಣೂರಿನ ಸಂತೆಗಳಲ್ಲಿ ಮಾರುತ್ತಿದ್ದರು. ಮದುವೆಯಾದ ಮೇಲೆ ನಾನೂ ಅವರ ಜೊತೆ ಹೋಗತೊಡಗಿದೆ. ಸಣ್ಣದೊಂದು ಉಳಿ ನನ್ನ ಕೈಗಿಟ್ಟು, "ಉಗುರಿನಷ್ಟ ಆಳ, ಒಂದ ಮಗ್ಗಲು. ಮುಂದಿನ ವರ್ಷ ಮುಟ್ಟಬ್ಯಾಡ, ಆಕಿ ಬಾಣಂತಿ ಇದ್ದಂಗ" ಅಂದರು. ಕೆತ್ತುವ ಮೊದಲು ಮರಕ್ಕೂ ಹೇಳುವರು: "ಅವ್ವಾ, ಒಂದೀಟು ತಡ್ಕೋ."

ಒಂದು ಬೇಸಿಗೆ ಕಾಕಾಗೆ ಚಳಿಜ್ವರ. ನಾನೊಬ್ಬನೇ ಹೋದೆ. ಮೈಯಲ್ಲಿ ಕಸುವಿತ್ತು, ನನ್ನಷ್ಟು ದುಡಿಯುವವರಿಲ್ಲ ಎಂಬ ಸೊಕ್ಕೂ ಇತ್ತು. ಉಳಿ ಬಿಟ್ಟು ಕೊಡಲಿ ಹಿಡಿದೆ. ಹನ್ನೊಂದು ಮರಗಳನ್ನು ಸುತ್ತಲೂ, ಒಳಗಿನ ಬಿಳಿ ಕಾಣುವವರೆಗೆ ಕಡಿದು, ಬುಡಕ್ಕೆ ಬೆಂಕಿ ಇಟ್ಟೆ. ಕಾವಿಗೆ ಅಂಟು ಸುರಿಯಿತು.

"ಕಾಕಾ, ಎರಡು ಚೀಲ ನೋಡ್ರಿ! ನೀವು ವರ್ಷಕ್ಕ ಒಂದು ತರ್ತಿದ್ರಿ."

"ಚೀಲ ಇರ್ಲಿ ತಮ್ಮಾ. ಗಿಡ ಹ್ಯಾಂಗದಾವು?"

"ಭೇಷ್ ಅದಾವ್ರಿ" ಅಂದೆ.

ಮರುವರ್ಷ ಹನ್ನೊಂದೂ ಒಣಗಿ ನಿಂತಿದ್ದವು. ಕಾಕಾ ಒಂದೊಂದರ ಗಾಯದೊಳಗೂ ಕೈಯಿಟ್ಟು ನೋಡಿದರು. ನನ್ನನ್ನು ಬೈಯಲಿಲ್ಲ. ಮರಕ್ಕೇ ಅಂದರು: "ತಪ್ಪು ನಂದವ್ವಾ. ಇವಗ ಕೆಲಸ ಕಲಿಸಿದೆ, ಅಂಜಿಕಿ ಕಲಿಸಲಿಲ್ಲ."

ಅಷ್ಟರಲ್ಲಿ ನನ್ನ ಎರಡು ಚೀಲ ಕಂಡವರು ಹಾಗೇ ಕಡಿಯತೊಡಗಿದ್ದರು. ಸತ್ತ ಮರ ಒಯ್ಯಲು ಲಾರಿಗಳು ಬಂದವು. ಲಾರಿಗೆ ದಾರಿ ಮಾಡಲು ಹಸಿ ಮರಗಳೂ ಉರುಳಿದವು. ನಾವು ನೀರು ಕುಡಿಯುತ್ತಿದ್ದ ಹಳ್ಳ ಹೋಳಿಹುಣ್ಣಿಮೆಗೇ ಬತ್ತಿತು. ಅದರ ದಂಡೆಯ ನಾಲ್ಕು ಮನೆಯವರು ಗಂಟು ಕಟ್ಟಿ ಹೊರಟರು. ಕಾಕಾ ಅರವತ್ತು ದಾಟಿದ ಮೇಲೆ ಹಿರೇಕೆರೂರಿನಲ್ಲಿ ಗೋವಿನಜೋಳದ ಚೀಲ ಹೊರುವ ಹಮಾಲರಾದರು. ಒಮ್ಮೆ ಅಲ್ಲಿ ಸಿಕ್ಕಾಗ ಕೈ ಚಾಚಿ ತೋರಿಸಿದರು. "ನೋಡೋ, ಈಗ ಮಷೀನು ಹಿಡೀತೈತಿ." ಬೆರಳ ತುದಿಗಳು ಬೆಳ್ಳಗಾಗಿದ್ದವು. ಅವರು ನಕ್ಕರು, ನನಗೆ ನಗಲಾಗಲಿಲ್ಲ.

ಹೋದ ವರ್ಷ ತೀರಿಕೊಂಡರು. ಹೆಣದ ಮುಂದೆ ಹಾಕಲು ಚಿಟಿಕೆ ಧೂಪ ಓಣಿಯ ಯಾರ ಮನೆಯಲ್ಲೂ ಇರಲಿಲ್ಲ. ಅಂಗಡಿಯಿಂದ ಊದುಬತ್ತಿ ತಂದು ನಾನೇ ಹಚ್ಚಿದೆ. ಅವರ ಹೆಂಡತಿ ಕಾಕು ನನ್ನ ಕಡೆ ನೋಡಲಿಲ್ಲ.

ಈಗ ನನ್ನಲ್ಲಿ ಇರುವುದು: ಹೆಂಚಿನ ಮನೆ ಒಂದು, ಎಮ್ಮೆ ಎರಡು, ಕಾಕಾ ಕೊಟ್ಟ ಉಳಿ ಒಂದು. ಹಿತ್ತಲಲ್ಲಿ ನೆಟ್ಟ ಧೂಪದ ಸಸಿ ಹನ್ನೊಂದು. ಬದುಕಿರುವುದು ಒಂದು.