ತಲಿ ತಾಗದ ಗಾಡಿ

ಆರಿಸೋ ಕಾರು ನೋಡಿ ಮನುಷ್ಯನ ಸ್ವಭಾವ ಹೇಳ್ತೀನಿ ಅಂತ ಉದಗೀರದ ಗಾಡಿ ಅಂಗಡಿಯಾಗ ಸೇಲ್ಸ್‌ಮನ್ ಇದ್ದ ನಾ ಮೆರೀತಿದ್ದೆ. ನಮ್ಮ ಕಡೆ ದೊಡ್ಡ ಭೂಕಂಪ ಆಗಿ ಕೆಲವು ವರ್ಷ ಆಗಿದ್ದವು. ವಲಾಂಡಿ ಹಳ್ಳಿಯಿಂದ ಒಬ್ಬ ರೈತರು ಬಂದ್ರು, ಹಣಿ ತುಂಬ ವಿಭೂತಿ. ಮೈಲೇಜು ಕೇಳಲಿಲ್ಲ, ಬಣ್ಣ ನೋಡಲಿಲ್ಲ. ಒಂದೊಂದೇ ಗಾಡಿಯ ಹಿಂದಿನ ಸೀಟಿನ್ಯಾಗ ಚಕ್ಕಳಮಕ್ಕಳ ಹಾಕಿ ನೆಟ್ಟಗ ಕೂತು, ತಲಿಗೂ ಗಾಡಿ ಮ್ಯಾಲಿನ ಛತ್ತಿಗೂ ನಡುವ ಅಂಗೈ ಇಟ್ಟು ನೋಡ್ತಿದ್ರು.

ದೊಡ್ಡ ರುಮಾಲು ಸುತ್ತೋ ಶೋಕಿ ಮನುಷ್ಯಾ ಅಂತ ನಾ ಲೆಕ್ಕ ಹಾಕಿದೆ. "ರುಮಾಲಿಗೆ ಜಾಗಾ ಬೇಕೇನ್ರಿ ಕಾಕಾ?" ಅಂದೆ.

"ಇಲ್ಲಪಾ. ನಮ್ಮೊಳಗ ಸತ್ತವರನ್ನ ಕೂಡಿಸೇ ಮಣ್ಣಿಗೆ ಒಯ್ತೀವಿ. ಭೂಕಂಪದಾಗ ತೀರಿಕೊಂಡ ನಮ್ಮ ಅವ್ವನ್ನ ದವಾಖಾನಿಯಿಂದ ಟ್ರಕ್ಕಿನ್ಯಾಗ ಮಲಗಿಸಿ ತಂದೆ. ಇನ್ನ ಮ್ಯಾಲೆ ನಮ್ಮೂರವರು ಯಾರೇ ದವಾಖಾನಿಯಾಗ ತೀರಿಕೊಂಡ್ರೂ, ನನ್ನ ಗಾಡಿಯಾಗ ಕೂತೇ ಊರಿಗೆ ಬರಬೇಕು."

ಒಬ್ಬ ಮನುಷ್ಯಾ ಇಡೀ ಊರಿನ ಸಾವಿಗೆ ಅಳತಿ ನೋಡಿ ಗಾಡಿ ತಗೊಳ್ಳೂದು ನಾ ಕಂಡಿರಲಿಲ್ಲ. ಹೋಗಿ ಎತ್ತರದ ಜೀಪಿನ ಬಾಗಿಲಾ ತೆಗೆದೆ. ಕೂತು ನೋಡಿದ್ರು, ತಲಿ ತಾಗಲಿಲ್ಲ.

"ಮನಿ ಮಂದಿಗೂ ಆರಾಮ ಆಗ್ತದ್ರಿ," ಅಂದೆ.

"ಬದುಕಿದ್ದವರದೇನು ಬಿಡಪಾ, ತಲಿ ಬಗ್ಗಿಸಲಿಕ್ಕೆ ಬರ್ತದ."

ಅವತ್ತು ಸಂಜೀಕ ನನ್ನ ಸಣ್ಣ ಕಾರಿನ್ಯಾಗ ತಲಿ ಬಗ್ಗಿಸಿಕೊಂಡೇ ಮನಿಗೆ ಹೋದೆ.