ಶಿದ್ರಾಯನ ಕಾರಿನ ಅಚ್ಚು

ಸಂಖದ ಶಿದ್ರಾಯ ೧೯೫೩ರಲ್ಲಿ ವಿಜಾಪುರದ ವ್ಯಾಪಾರಿಯೊಬ್ಬರಿಂದ ಶೆವ್ರೊಲೆ ಕಾರು ಕೊಂಡ. ಕಾರಿಗೆ ಆಗಲೇ ಹದಿನೈದು ವರ್ಷವಾಗಿತ್ತು. ಪರವಾನಗಿ ಪಡೆದು ಜತ್ತಕ್ಕೆ ಬಾಡಿಗೆ ಹೊಡೆಯತೊಡಗಿದ. ಅಪಘಾತದ ದುರಸ್ತಿಯೂ ಸೇರಿ ಪೂರ್ತಿ ವಿಮೆ ಮಾಡಿಸಿದ.

"ಎತ್ತಿಗಿಲ್ಲದ ವಿಮಾ ಈ ಡಬ್ಬಿಗ್ಯಾಕ?" ಎಂದು ಹೆಂಡತಿ ಅಕ್ಕವ್ವ ಕೇಳಿದಳು.

"ಎತ್ತು ಬಿದ್ರ ತಾನಾ ಏಳತೈತಿ. ಇದನ್ನ ಎಬ್ಬಸಬೇಕು."

ಮರುವರ್ಷ ಅಸಂಗಿಯ ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂತು. ಹಿಂಡು ಉಳಿಸಲು ಶಿದ್ರಾಯ ಕಾರನ್ನು ತಗ್ಗಿಗೆ ಇಳಿಸಿದ. ಒಂದು ಕುರಿಗೂ ಪೆಟ್ಟಾಗಲಿಲ್ಲ. ಕಾರಿನ ಮುಂದಿನ ಗಾಲಿಗಳ ಅಚ್ಚು ಬಾಗಿತು. ಎತ್ತು ಹೂಡಿ ಮನೆಗೆ ಎಳೆಸಿದ. ನಷ್ಟ ಅಂದಾಜು ಮಾಡುವ ಸರ್ವೆಯರ್ ಬಂದು ನೋಡುವವರೆಗೆ ಕಾರನ್ನು ಯಾರೂ ಮುಟ್ಟಬಾರದೆಂದು ವಿಮಾ ಕಂಪನಿ ಬರೆಯಿತು. ಕಂಪನಿ ಕೊಡದಿದ್ದರೆ ಹೊಸ ಅಚ್ಚು ತರುವ ಶಕ್ತಿ ಅವನಿಗಿರಲಿಲ್ಲ. ಕಾರು ಕೋಳಿಗಳ ಪಾಲಾಗುತ್ತಿತ್ತು.

ಕುರಿಗಳು ಕುರಿಗಾರ ಬೀರದೇವನವು. ಹಿಂಡು ಬೆಳೆ ತುಳಿದರೆ ಅದೇ ಹೊಲದಲ್ಲಿ ರಾತ್ರಿ ಕುರಿ ತರುಬಿ, ಗೊಬ್ಬರ ಬೀಳಿಸಿ ನಷ್ಟ ತುಂಬಿಕೊಡುವುದು ಅಲ್ಲಿಯ ಕುರಿಗಾರರ ರೂಢಿ. ಕಾರಿಗೆ ಗೊಬ್ಬರ ನಡೆಯುವುದಿಲ್ಲ. ಶಿದ್ರಾಯ ಜತ್ತಕ್ಕೆ ಹೋಗಿದ್ದ ದಿನ ಬೀರದೇವ ಕಂಬಾರನನ್ನು ಕರೆತಂದ. ಅಚ್ಚು ಕಾಯಿಸಿ ಬಡಿದು ನೆಟ್ಟಗೆ ಮಾಡಿಸಿದ. ಕಂಪನಿಯ ಮಾತು ತಿಳಿಯದ ಅಕ್ಕವ್ವ ಇಬ್ಬರಿಗೂ ಚಹಾ ಕೊಟ್ಟಳು.

ಸಂಜೆ ಶಿದ್ರಾಯ ಬಂದು ನೋಡಿದ. "ಯಾವಾಂವ ಮುಟ್ಟಿದ್ದು?"

"ನಾನ ಮಾಡಿಸೀನ್ರಿ," ಎಂದ ಬೀರದೇವ. "ಬಾಣದಂಗ ಆಗೈತಿ ನೋಡ್ರಿ."

ಶಿದ್ರಾಯ ಕಂಪನಿಯ ಕರಾರು ಹೇಳಿದ.

ಬೀರದೇವ ಯೋಚಿಸಿದ. "ಹಂಗಾರ ಮತ್ತ ಬಗ್ಗಸೂಣೇನ್ರಿ? ಕಂಬಾರ ಇನ್ನೂ ಚಾ ಕುಡ್ಯಾಕತ್ತಾನ."

"ಸಾಕ ಮಾರಾಯಾ, ಕೈಮುಗೀತೀನಿ," ಎಂದಳು ಅಕ್ಕವ್ವ.

ಎರಡು ದಿನದ ಮೇಲೆ ಸಾಂಗಲಿಯಿಂದ ಸರ್ವೆಯರ್ ಅಪ್ಪಾಸಾಬ ಬಂದರು. ಶಿದ್ರಾಯ ನಡೆದದ್ದನ್ನೆಲ್ಲ ಹೇಳಿದ.

"ಬಾಗಿದ್ದನ್ನ ನೋಡಾಕ ಬಂದೀನಿ. ನೆಟ್ಟಗಿದ್ದದ್ದನ್ನ ಏನಂತ ಬರೀಲಿ?"

"ಬರಿಯೂದು ಆಮ್ಯಾಲ. ಮೊದ್ಲ ಕುಂದ್ರಿ ಸಾಹೇಬ್ರ, ಒಂದು ಸುತ್ತು ಹಾಕೂಣು."

ಊರು ದಾಟುವ ಮೊದಲೇ ಕಾರು ಎಡಕ್ಕೆ ಎಳೆಯಿತು. ಅಪ್ಪಾಸಾಬ ಎರಡೂ ಕೈಯಲ್ಲಿ ಬಾಗಿಲು ಹಿಡಿದರು. "ನಿಂದ್ರಸ್ರಿ, ನಿಂದ್ರಸ್ರಿ!" ಇಳಿದು ಅಡಿಯಲ್ಲಿ ಮಲಗಿ ನೋಡಿದರು. ಕಾಯಿಸಿದ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಅಷ್ಟು ಬಾಗಿದ ಅಚ್ಚು ಬಡಿದರೂ ನಿಲ್ಲುವುದಲ್ಲ, ಬದಲಿಸಲೇಬೇಕು ಎಂದು ಬರೆದುಕೊಂಡರು.

"ಆದ್ರ ಗಾಡಿ ಹಳೇದು. ಹೊಸಾ ಅಚ್ಚಿನ ಬೆಲಿಯೊಳಗ ಕಂಪನಿ ಅರ್ಧಾ ಕೊಡತೈತಿ. ಹಳೇ ಅಚ್ಚು ಸವದಿದ್ದರ ಲೆಕ್ಕ ನಿಮ್ಮ ಪಾಲಿಂದು."

"ಅರ್ಧಾ ಅಚ್ಚು ಎಲ್ಲಿ ಸಿಗತೈತ್ರಿ?"

ಅಪ್ಪಾಸಾಬ ನಕ್ಕು, ಮಿರಜದಲ್ಲಿ ಹಳೆಯ ಗಾಡಿ ಬಿಚ್ಚಿ ಮಾರುವವನ ವಿಳಾಸ ಕೊಟ್ಟರು. ಕಂಪನಿಯ ಹಣ ಬಂದ ಮೇಲೆ ಶಿದ್ರಾಯ ಅಲ್ಲಿಂದ ಅದೇ ಜಾತಿಯ ಹಳೆಯ ಅಚ್ಚು ತಂದ. ಅರ್ಧ ಬೆಲೆ ಅದಕ್ಕೆ ಸಾಕಾಯಿತು.

ಮರುವರ್ಷ ಕಂಪನಿ ಆ ಕಾರಿಗೆ ಪೂರ್ತಿ ವಿಮೆ ಕೊಡಲು ಒಪ್ಪಲಿಲ್ಲ. ಕಾರಿನಿಂದ ಬೇರೆಯವರಿಗೆ ಆಗುವ ಪೆಟ್ಟಿಗೆ ಮಾತ್ರ ಹೊಣೆ ಹೊತ್ತಿತು. ಕಾರಿಗೆ ಆಗುವ ಪೆಟ್ಟು ಇನ್ನು ಶಿದ್ರಾಯನದೇ. ಅವನು ಅದಕ್ಕೂ ಸಹಿ ಹಾಕಿ ಜತ್ತದ ಬಾಡಿಗೆಗೆ ಹೊರಟ.